ಮಾನಮ್ಮ ಕೇಳಿದ ಸೂಜಿ

ಯಾದಗಿರಿ ಕಡೆಯಿಂದ ಪುಣೆಗೆ ಬಂದು ಕಟ್ಟಡಗಳಲ್ಲಿ ಗಾರೆ ಹೊರುತ್ತಿದ್ದ ಮಾನಮ್ಮನಿಗೆ ಸುಮ್ಮನೆ ಕೂತು ಗೊತ್ತಿರಲಿಲ್ಲ. ೧೯೭೮ರ ಮಳೆಗಾಲದಲ್ಲಿ ಐದು ವರ್ಷದ ಮಗಳು ಸಾಬವ್ವ ಸರ್ಕಾರಿ ಆಸ್ಪತ್ರೆ ಸೇರಿದ ಮೇಲಂತೂ ಅವಳು ವಾರ್ಡಿನುದ್ದಕ್ಕೂ ಅಡ್ಡಾಡುತ್ತಲೇ ಇದ್ದಳು. ಮಗುವಿನ ಮುಖ ಊದಿ ಕಣ್ಣು ಮುಚ್ಚಿಹೋಗಿದ್ದವು. ಇದು ಮೂತ್ರಪಿಂಡದ ರೋಗ, ಮೈಯ ಸತ್ವವೆಲ್ಲ ಮೂತ್ರದಲ್ಲಿ ಸೋರಿಹೋಗುತ್ತಿದೆ ಎಂದು ಅಲ್ಲಿದ್ದ ಧಾರವಾಡ ಕಡೆಯ ಡಾಕ್ಟರ್ ಸ್ವರ್ಣಲತಾ ಕನ್ನಡದಲ್ಲೇ ತಿಳಿಸಿದ್ದರು. ಆದರೆ ಕೊಟ್ಟದ್ದು ಬರೀ ಗುಳಿಗೆ.

ಪಕ್ಕದ ಮಂಚದಲ್ಲಿ ಅದೇ ರೋಗದ ಇನ್ನೊಬ್ಬ ಹುಡುಗಿಗೆ, ಒಬ್ಬ ಗುಮಾಸ್ತರ ಮಗಳಿಗೆ, ಬಾಟಲಿ ತೂಗುಹಾಕಿ ನರಕ್ಕೆ ಔಷಧ ಬಿಡುತ್ತಿದ್ದರು. ದೊಡ್ಡವರ ಮಗುವಿಗೆ ದೊಡ್ಡ ಔಷಧ ಅಂದುಕೊಂಡ ಮಾನಮ್ಮ ಡಾಕ್ಟರನ್ನು ಕೇಳಿಯೇಬಿಟ್ಟಳು.

"ಔಷಧ ಒಂದ ಜಾತಿದು, ಮಾನಮ್ಮ," ಎಂದರು ಅವರು. "ಆ ಹುಡುಗಿ ನೀರು ಕುಡದ್ರೂ ವಾಂತಿ ಮಾಡ್ತಾಳ, ಅದಕ್ಕ ನರಕ್ಕ ಕೊಡ್ತೀವಿ. ನಿನ್ನ ಮಗಳ ಹೊಟ್ಯಾಗ ಗುಳಿಗಿ ನಿಲ್ತದ. ಬಾಯಿಂದ ಹೋದ್ರೂ ಅದು ರಕ್ತಕ್ಕ ಸೇರ್ತದ."

ಮಾನಮ್ಮ ತಲೆಯಾಡಿಸಿದಳು, ಮನಸ್ಸು ಒಪ್ಪಲಿಲ್ಲ. ಬಾವು ಇಳಿಯುವ ಲಕ್ಷಣ ಕಾಣದೆ ಒಂದು ಮಧ್ಯಾಹ್ನ ಯಾರಿಗೂ ಹೇಳದೆ ಮಗುವನ್ನೆತ್ತಿಕೊಂಡು ಹೊರಟಳು. ಪುಣೆಯ ಕ್ಯಾಂಪ್ ಪೇಟೆಯ ಗಲ್ಲಿಯೊಂದರಲ್ಲಿ ಎಲ್ಲ ರೋಗಕ್ಕೂ ಸೂಜಿ ಹಾಕುವವನೊಬ್ಬನಿದ್ದ. ಅವನು ಸೂಜಿ ಚುಚ್ಚಿ ಕಳಿಸಿದ. ಇನ್ನು ಸೂಜಿಯೇ ಸಾಕೆಂದು ಅವಳು ಗುಳಿಗೆ ನಿಲ್ಲಿಸಿದಳು. ವಾರದೊಳಗೆ ಬಾವು ಹೊಟ್ಟೆಗೂ ಏರಿತು, ಜ್ವರ ಬಂತು, ಕುಡಿದದ್ದೆಲ್ಲ ವಾಂತಿಯಾಯಿತು. ಗಂಡ ಧರ್ಮಣ್ಣ ಕೆಲಸ ಬಿಟ್ಟು ಓಡಿಬಂದ. ಇಬ್ಬರೂ ಮತ್ತೆ ಆಸ್ಪತ್ರೆಗೆ ಧಾವಿಸಿದರು.

ಡಾಕ್ಟರ್ ಬೈಯಲಿಲ್ಲ. ಈಗ ನರಕ್ಕೇ ಕೊಡಬೇಕಾಗಿತ್ತು. ಊದಿದ ಕೈಯಲ್ಲಿ ನರ ಸಿಗದೆ ಅಲ್ಲಲ್ಲಿ ಚುಚ್ಚಿದರು. ಸಾಬವ್ವನಿಗೆ ಅಳಲೂ ತ್ರಾಣವಿರಲಿಲ್ಲ. ತಾನು ಕೇಳಿದ ಸೂಜಿ ಇದೇ ಎಂದು ಮಾನಮ್ಮನಿಗೆ ಹೊಳೆಯಿತು. ನಿಂತಲ್ಲಿ ನಿಲ್ಲಲಾರದೆ ಹೊರಗೋಡಿದಳು, ಮತ್ತೆ ಒಳಬಂದಳು.

ವಾಂತಿ ನಿಂತ ಮೇಲೆ ಡಾಕ್ಟರ್ ಮತ್ತೆ ಗುಳಿಗೆಯನ್ನೇ ತಂದರು.

"ಸೂಜಿ ಇನ್ನ ಬ್ಯಾಡೇನ್ರಿ, ಬಾಯಾರ?" ಎಂದು ಮಾನಮ್ಮ ಡಾಕ್ಟರಮ್ಮನನ್ನು ಕೇಳಿದಳು.

"ಬ್ಯಾಡ. ಆದ್ರ ನಾ ಹೇಳೂತನಕ ಗುಳಿಗಿ ಬಿಡಬ್ಯಾಡ."

ಅವಳು ಗುಳಿಗೆ ಪುಡಿಮಾಡಿ ಸಕ್ಕರೆಯಲ್ಲಿ ಕಲಸಿ ತಿನ್ನಿಸಿದಳು. ಕ್ರಮೇಣ ಸಾಬವ್ವ ಧಾರಾಳವಾಗಿ ಮೂತ್ರ ಮಾಡತೊಡಗಿದಳು, ಬಾವು ಇಳಿಯಿತು, ಮುಖ ಮೊದಲಿನಂತಾಯಿತು.

ಆಮೇಲೂ ನೆಗಡಿಯಾದಾಗಲೆಲ್ಲ ರೋಗ ಮರುಕಳಿಸುತ್ತಿತ್ತು. ಕೆಲಸಕ್ಕಾಗಿ ದೌಂಡ್ ಊರಿಗೆ ಹೋದರೂ ಜೇಜುರಿಗೆ ಹೋದರೂ ಮಾನಮ್ಮ ಡಾಕ್ಟರ್ ಕಲಿಸಿದಂತೆ ಬೆಳಿಗ್ಗೆ ಎದ್ದು ಮಗಳ ಮೂತ್ರವನ್ನು ಗಾಜಿನ ನಳಿಗೆಯಲ್ಲಿ ಕಾಯಿಸಿ, ಬೆಳ್ಳಗೆ ಮೊಸರಾಗುತ್ತದೆಯೇ ಎಂದು ನೋಡುತ್ತಿದ್ದಳು. ಹಾಗಾದರೆ ಸತ್ವ ಮತ್ತೆ ಸೋರುತ್ತಿದೆ ಎಂದರ್ಥ. ೧೯೮೫ರಲ್ಲಿ ಗುಳಿಗೆ ಪೂರ್ತಿ ನಿಂತಿತು. ರೋಗ ಮತ್ತೆ ಬರಲಿಲ್ಲ. ಆದರೂ ಸಾಬವ್ವ ಲಂಗ ದಾವಣಿ ತೊಟ್ಟು, ನಾಚಿ, ಇನ್ನು ಮೂತ್ರ ಕೊಡುವುದಿಲ್ಲ ಎಂದು ಹಟ ಹಿಡಿಯುವವರೆಗೂ ಮಾನಮ್ಮ ಒಲೆಯ ಮುಂದೆ ನಳಿಗೆ ಹಿಡಿಯುವುದನ್ನು ಬಿಡಲಿಲ್ಲ.