ಮೊಸರು ಕದಡದ ಜೀಪು

ನಮ್ಮ ಮನೆಯ ಎದುರಿಗೊಂದು ಗ್ಯಾರೇಜಿದೆ. ಮಂಡ್ಯದಲ್ಲಿ ಈಗ ಯಾರ ಮನೆಯ ಎದುರಿಗೆ ಇಲ್ಲ ಹೇಳಿ. ಮೊನ್ನೆ ಬೆಳಿಗ್ಗೆ ಪೂಜೆಗೆ ಹೂ ಬಿಡಿಸೋಣವೆಂದು ಬಾಗಿಲು ತೆಗೆದರೆ ಗಾಡಿಗಳ ಗೇರಿಗೆ ಹಾಕುವ ಹಳೆಯ ಗೇರೆಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಕೊಳೆತ ಮೊಟ್ಟೆಯ ಜೊತೆಗೆ ಸುಟ್ಟ ಕೂದಲು ಸೇರಿದರೆ ಹೇಗೋ ಹಾಗಿರುತ್ತದೆ ಅದು. ಮಾನವಂತರು ಮೂಗಿಗೆ ಸೆರಗು ಹಿಡಿಯುತ್ತಾರೆ. ನಾನು ಅಲ್ಲೇ ನಿಂತು ಇನ್ನೊಂದು ಸಲ ಎಳೆದುಕೊಂಡೆ.

ರಸ್ತೆ ದಾಟಿ ನೋಡಿದೆ. ಒಂದು ಜೀಪನ್ನು ಮೇಲೆತ್ತಿ ನಿಲ್ಲಿಸಿ ಅದರ ಹಿಂದಿನ ಸ್ಪ್ರಿಂಗುಗಳನ್ನು ಬಿಚ್ಚಿ ಹಾಕಿದ್ದರು. ಭಾನುವಾರ ಭಾನುವಾರ ಬಂಡೆ ಹತ್ತಿಸಿ ಹಳ್ಳ ಇಳಿಸುವ ಮೋಜಿನವರ ಗಾಡಿಯಂತೆ. ಸ್ಪ್ರಿಂಗಿನ ಪಟ್ಟಿ ಎಷ್ಟು ತೆಗೆದಿರಪ್ಪ, ಡಿಫರೆನ್ಷಿಯಲ್ಲು ಬಿಗಿ ಮಾಡಿಸಿದಿರಾ ಅಂತ ಕೇಳಿದೆ. ಮೆಕ್ಯಾನಿಕ್ಕು ನನ್ನ ಬಿಳಿ ತಲೆಯನ್ನೂ ಕೈಯಲ್ಲಿದ್ದ ಹೂಬುಟ್ಟಿಯನ್ನೂ ನೋಡಿ, ಅಜ್ಜಿಗೆ ಏನೋ ಆಗಿದೆ ಅಂದುಕೊಂಡು, ಕೂರಲು ಸ್ಟೂಲು ಕೊಟ್ಟ. ಕೂತೆ. ಆ ದಿನ ದೇವರಿಗೆ ಹೂವಿಲ್ಲ.

ಇದೆಲ್ಲ ಈ ಮುದುಕಿಗೆ ಹೇಗೆ ಗೊತ್ತು ಅಂತ ನೀವೂ ಕೇಳುತ್ತೀರಿ. ಹೇಳುತ್ತೇನೆ. ಆದರೆ ಜೀಪಿಗಿಂತ ಮೊದಲು ನಮ್ಮ ಅತ್ತೆಯ ವಿಷಯ ಬರಬೇಕು. ಅವರನ್ನು ಹಿಂದೆ ಬಿಟ್ಟು ಯಾವುದೂ ಮುಂದೆ ಹೋಗುವ ಹಾಗಿಲ್ಲ, ಬದುಕಿದ್ದಾಗಲೂ ಹೀಗೆಯೇ.

ನಮ್ಮದು ಮಳವಳ್ಳಿ ಸೀಮೆ, ಹಲಗೂರಿಗೆ ಎರಡು ಮೈಲಿ. ಬೇಸಾಯದ ಮನೆ. ನಾನು ಮದುವೆಯಾಗಿ ಬಂದ ಮರುವರ್ಷ, ದೊಡ್ಡ ಯುದ್ಧ ನಡೆಯುತ್ತಿದ್ದಾಗ, ನಮ್ಮ ಯಜಮಾನರು ಮದ್ದೂರು ಸಂತೆಗೆ ಹೋಗಿ ಬರುತ್ತೇನೆ ಅಂತ ಹೊರಟವರು ನಾಲ್ಕು ವರ್ಷಕ್ಕೆ ಬಂದರು. ಮಿಲಿಟರಿಗೆ ಆಳು ತೆಗೆದುಕೊಳ್ಳುತ್ತಿದ್ದರಂತೆ, ಹೆಸರು ಬರೆಸಿ ರೈಲು ಹತ್ತಿಬಿಟ್ಟರು. ಹೆತ್ತ ತಾಯಿಗೂ ಹೇಳಲಿಲ್ಲ, ಕಟ್ಟಿಕೊಂಡವಳಿಗೂ ಹೇಳಲಿಲ್ಲ. ಹೇಳಿದ್ದರೆ ನೀವು ಬಿಡುತ್ತಿದ್ದಿರಾ ಅನ್ನುವುದು ಅವರ ಸಮಾಧಾನ. ಬರ್ಮಾ ಗಡಿಯಲ್ಲಿ ಲಾರಿ, ಜೀಪುಗಳ ರಿಪೇರಿ ಮಾಡಿಕೊಂಡಿದ್ದರು.

ಕ್ಷೇಮವಾಗಿ ಬಂದ ದಿನ ಅತ್ತೆ ಆರತಿ ತಟ್ಟೆ ತಂದು ನನ್ನ ಕೈಗೆ ಕೊಟ್ಟು, ನೀನೇ ಎತ್ತು ಅಂತ ಹಿತ್ತಲಿಗೆ ಹೋದರು. ಆವತ್ತಿನಿಂದ ಮಗನ ಜೊತೆ ಮಾತಿಲ್ಲ. ಒಂದೇ ಪಡಸಾಲೆಯಲ್ಲಿ ಎದುರುಬದುರು ಕೂತಿದ್ದರೂ ಮಾತೆಲ್ಲ ನನ್ನ ಮೇಲೆ ಹಾಯ್ದೇ ಹೋಗಬೇಕು.

"ಅಮ್ಮಿ, ಅವನ್ಗೇಳು, ಇಟ್ಟು ಆರೋಯ್ತದೆ ಅಂತ."

ನಾನು ತಿರುಗಿ, ಮುದ್ದೆ ಆರುತ್ತದಂತೆ ಅನ್ನುವುದು. ಬಂದೆ ಅಂತ ಹೇಳು ಅಂತ ಅವರು ಅನ್ನುವುದು. ಬರುತ್ತಾರಂತೆ ಅಂತ ಮತ್ತೆ ನಾನು. ಅಡಕತ್ತರಿಗೆ ಸಿಕ್ಕಿದ ಅಡಕೆಯ ಪಾಡು ಒಂದೇ ಸಲ ಮುಗಿಯುತ್ತದೆ, ನನ್ನದು ದಿನಕ್ಕೆ ಇಪ್ಪತ್ತು ಸಲ. ಮೊದಮೊದಲು ನಾನೂ ನಗುತ್ತಿದ್ದೆ. ಆರು ತಿಂಗಳಾದ ಮೇಲೆ ಒಲೆಯ ಮುಂದೆ ಕೂತರೆ ಅಳು ಬರುತ್ತಿತ್ತು. ಮಗ ಜೀವ ಉಳಿಸಿಕೊಂಡು ಬಂದಿದ್ದಾನೆ, ತಾಯಿ ಇನ್ನೆಷ್ಟು ದಿನವೋ, ಇಬ್ಬರೂ ಒಂದು ಮಾತಾಡದೆ ಹೀಗೇ ಮುಗಿದುಹೋದರೆ ಏನು ಗತಿ?

ಅತ್ತೆಗೆ ಪ್ರೀತಿ ಇರಲಿಲ್ಲ ಅಂತಲ್ಲ. ಅದನ್ನು ನನ್ನನ್ನು ಕೇಳಿ. ಐದು ತಿಂಗಳು ಮಗನ ಕಾಗದ ಬಾರದೆ ಹೋದಾಗ ದೇವರ ಗೂಡಿಗೆ ಹಣೆ ಹಚ್ಚಿ ಅಂದಿದ್ದರು: "ನನ್ ಮಗ ಜೀವ್ಸೈತ ಬಂದ್ರೆ ನಿನ್ ಬಾಗ್ಲಿಗೆ ನಡ್ಕಂಡ್ ಬತ್ತೀನಿ ಕಣಪ್ಪ ಮುತ್ತತ್ತಿರಾಯ." ಹಿಂದೆ ನಿಂತಿದ್ದ ನನ್ನನ್ನು ಕಂಡು, ಯಾರ ಹತ್ತಿರವಾದರೂ ಬಾಯಿಬಿಟ್ಟರೆ ನೋಡು ಅಂತ ಗದರಿದರು. ಮಗ ಬಂದ. ಆದರೆ ಅಷ್ಟು ಹೊತ್ತಿಗೆ ಅತ್ತೆಯ ಮಂಡಿಗಳು ಊದಿಕೊಂಡು, ಹಿತ್ತಲಿಗೆ ಹೋಗಬೇಕಾದರೂ ಗೋಡೆ ಹಿಡಿಯಬೇಕಾಗಿತ್ತು. ಹೊಳೆದಂಡೆಯ ಆ ಮುತ್ತತ್ತಿಯ ದಾರಿಯೋ ಕಾಡು, ಕಲ್ಲು, ಹಳ್ಳ. ಎತ್ತಿನ ಗಾಡಿಯಲ್ಲಿ ಹೋದರೆ ಮಂಡಿಯಿರಲಿ, ಹಲ್ಲು ಉಳಿದರೆ ಪುಣ್ಯ.

ಆಗ ನಾನೊಂದು ಎಡವಟ್ಟು ಮಾಡಿದೆ. ಯಜಮಾನರಿಗೆ ಹರಕೆಯ ಸಂಗತಿಯನ್ನು ಅರ್ಧ ಹೇಳಿದೆ. ನಿಮಗೋಸ್ಕರ ಮುತ್ತತ್ತಿಗೆ ಹರಕೆ ಹೊತ್ತಿದ್ದಾರೆ ಅಂದೆ, ನಡೆದುಕೊಂಡು ಹೋಗುವ ಹರಕೆ ಅನ್ನಲಿಲ್ಲ. ಅಷ್ಟು ಕೇಳಿದ್ದಕ್ಕೇ ಅವರ ಮುಖ ಅರಳಿಬಿಟ್ಟಿತ್ತು. ಉಳಿದರ್ಧ ಹೇಳಿ ಅದನ್ನು ಕೆಡಿಸಲು ನನಗೆ ಮನಸ್ಸು ಬರಲಿಲ್ಲ.

ಅವ್ವನನ್ನು ಮುತ್ತತ್ತಿಗೆ ಕರೆದುಕೊಂಡು ಹೋದರೆ ಮಾತಾಡಿಯೇ ಆಡುತ್ತಾಳೆ ಅಂತ ಅವರ ಲೆಕ್ಕ. ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಬೇಡವೆಂದು ಹರಾಜು ಹಾಕಿದ ಪುಟ್ಟ ಜೀಪೊಂದನ್ನು ಹಿಡಿದರು. ಮದ್ದೂರಿನಿಂದ ನಮ್ಮೂರಿಗೆ ಅದು ಬಂದದ್ದು ಎರಡು ಜೊತೆ ಎತ್ತು ಕಟ್ಟಿಸಿಕೊಂಡು. ಹದಿನೈದು ದಿನದಲ್ಲಿ ಓಡುವ ಹಾಗೆ ಮಾಡಿ ನನ್ನನ್ನು ಹಿಂದೆ ಕೂರಿಸಿ ಹೊಲದ ಬದು ಹತ್ತಿಸಿದರು. ನಾನು ಸೀಟಿನಿಂದ ಎದ್ದವಳು ವಾಪಸು ಸೀಟಿಗೆ ಬೀಳಲಿಲ್ಲ, ಹುರುಳಿ ಹೊಲಕ್ಕೆ ಬಿದ್ದೆ. ಮದ್ದುಗುಂಡು ಹೊರಲು ಮಾಡಿದ ಸ್ಪ್ರಿಂಗು, ಮಂಡಿನೋವಿನವರ ಕಷ್ಟ ಅದಕ್ಕೇನು ಗೊತ್ತು?

ಅಲ್ಲಿಂದ ಶುರುವಾಯಿತು. ಒಂದರ ಮೇಲೊಂದು ಪೇರಿಸಿದ ಆ ಉಕ್ಕಿನ ಪಟ್ಟಿಗಳಲ್ಲಿ ಮೂರು ಮೂರನ್ನು ಕಿತ್ತು, ಉಳಿದವನ್ನು ಹಲಗೂರಿನ ಕುಲುಮೆಯಲ್ಲಿ ಕಾಯಿಸಿ ಬಾಗಿಸಿ ಹದ ಕೊಡಿಸಿದರು. ಮುರಿದ ಜಟಕಾದ ತೆಳುವಾದ ಪಟ್ಟಿಯೊಂದನ್ನು ಅದರ ನಡುವೆ ಸೇರಿಸಿದರು. ಹದ ಸರಿಯಾಯಿತೋ ಇಲ್ಲವೋ ಅಂತ ನೋಡುವುದಕ್ಕೆ ಅವರ ಉಪಾಯ ಕೇಳಿ. ಅತ್ತೆಯ ತೂಕಕ್ಕೆ ಅರ್ಧ ಪಲ್ಲ ರಾಗಿಯ ಮೂಟೆ ಹಿಂದಿನ ಸೀಟಿನಲ್ಲಿ. ಅದರ ಪಕ್ಕ ಸಿಂಬೆಯ ಮೇಲೆ, ಹಿಂದಿನ ದಿನ ಹೆಪ್ಪು ಹಾಕಿದ ಗಟ್ಟಿ ಮೊಸರಿನ ಕುಡಿಕೆ. ಬದು, ಹಳ್ಳ, ಕಲ್ಲು ಎಲ್ಲ ಸುತ್ತಿ ಬಂದು ಕುಡಿಕೆಯ ಮುಚ್ಚಳ ತೆಗೆಯುವುದು. ಮೊದಲ ದಿನ ಮಜ್ಜಿಗೆ. ಎರಡನೆಯ ದಿನ ಮಜ್ಜಿಗೆ, ಮೇಲೆ ಬೆಣ್ಣೆ. ಎರಡು ತಿಂಗಳು ನಮ್ಮ ಮನೆಯಲ್ಲಿ ಗಟ್ಟಿ ಮೊಸರು ಕಂಡವರಿಲ್ಲ. ಬೆಣ್ಣೆ ತೆಗೆಯೋದಕ್ಕೆ ಪೆಟ್ರೋಲ್ ಯಾಕೆ, ಕಡಗೋಲು ಸಾಲದಾ ಅಂತ ಅವನನ್ನು ಕೇಳು ಅಂತ ಅತ್ತೆ ನನಗೆ ಹೇಳುತ್ತಿದ್ದರು.

ಇನ್ನೊಂದು ತೊಡಕು ಡಿಫರೆನ್ಷಿಯಲ್ಲಿನದು. ಹಿಂದಿನ ಎರಡು ಗಾಲಿಗಳ ನಡುವೆ ಹಲ್ಲುಚಕ್ರ ತುಂಬಿದ ಕಬ್ಬಿಣದ ಬುರುಡೆ ಇರುತ್ತದಲ್ಲ, ಅದು. ಒಂದು ಗಾಲಿ ಕೆಸರಿಗಿಳಿದರೆ ಶಕ್ತಿಯೆಲ್ಲ ಅದಕ್ಕೇ ಹೋಗಿ ಅದು ಸುಮ್ಮನೆ ಗಿರಗಿರ ತಿರುಗುತ್ತದೆ, ಗಟ್ಟಿ ನೆಲದ ಮೇಲಿರುವ ಗಾಲಿ ಕೈಕಟ್ಟಿ ನಿಲ್ಲುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂದಹಾಗೆ. ಯಜಮಾನರು ಅದನ್ನು ಬಿಚ್ಚಿ ಮಂಡ್ಯಕ್ಕೆ ಹೊತ್ತು, ಒಳಗಿನ ಹಲ್ಲುಚಕ್ರಗಳಿಗೆ ಬೆಸುಗೆ ಹಾಕಿಸಿ ತಂದರು. ಎರಡು ಗಾಲಿಯೂ ಒಟ್ಟಿಗೇ ತಿರುಗಬೇಕು, ಬೇರೆ ದಾರಿಯಿಲ್ಲ. ಎಂಥ ಕೆಸರಿನಿಂದಲೂ ಎದ್ದು ಬರುತ್ತಿತ್ತು, ನಿಜ. ಆದರೆ ತಿರುವು ಬಂದರೆ ಮಾತ್ರ ಮೊಂಡುಹಸುವಿನ ಹಾಗೆ ನೆಟ್ಟಗೇ ಹೋಗುತ್ತೇನೆ ಅನ್ನುತ್ತಿತ್ತು.

ಸಂಕ್ರಾಂತಿ ಕಳೆದು ಒಂದು ದಿನ ಮೊಸರು ಕದಡದೆ ಬಂತು. ಕತ್ತರಿಸಿದರೆ ಹೋಳು ಬರುವಂಥ ಮೊಸರು. ಯಜಮಾನರು ಕುಡಿಕೆಯನ್ನು ತಂದು ಅತ್ತೆಯ ಮುಂದಿಟ್ಟು, ಶನಿವಾರ ಮುತ್ತತ್ತಿಗೆ ಹೋಗೋಣ ಅಂತ ಹೇಳು ಅಂದರು, ನನಗೆ. ಅತ್ತೆ ಕುಡಿಕೆ ನೋಡಿದರು. ಆಮೇಲೆ, ಬಾಯಿಬಿಟ್ಟೆಯಲ್ಲ ಅನ್ನುವ ಹಾಗೆ ನನ್ನನ್ನು ನೋಡಿದರು.

"ಅವನ್ಗೇಳು. ನಡ್ಕಂಡ್ ಬತ್ತೀನಿ ಅಂತ ಹರಕೆ ಹೊತ್ತಿವ್ನಿ. ಗಾಡೀಲಿ ಕುಂತ್ಕಂಡು ಓಗಿ ಆ ದೇವ್ರಿಗೆ ಯಾವ್ ಮಕ ತೋರ್ಸ್ಲಿ?"

ಯಜಮಾನರು ಜಗಲಿಯ ಮೇಲೆ ಕೂತುಬಿಟ್ಟರು. ಗೇರೆಣ್ಣೆ ಮೆತ್ತಿದ ಎರಡೂ ಕೈ ಮಂಡಿಯ ಮೇಲಿತ್ತು. ನನ್ನನ್ನು ಒಂದು ಮಾತು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಮೇಲೆ ತಲೆ ಎತ್ತಿ ಅಂದರು: "ನಿಮ್ಮತ್ತೆಗೇಳು. ಅವ್ರು ಕೂತ್ಕಳ್ಳಿ. ನಡೆಯೋದು ನಾನ್ ನಡೀತೀನಿ."

ಹಾಗಾದರೆ ಗಾಡಿ ಬಿಡುವವರು ಯಾರು ಅಂತ ನಾನು ಕೇಳಬಾರದಾಗಿತ್ತು. ಇಬ್ಬರೂ ನನ್ನ ಕಡೆ ತಿರುಗಿದರು.

ಮೂರು ದಿನ ಕಣದಲ್ಲಿ ಕಲಿಸಿದರು. ಎಲ್ಲಕ್ಕಿಂತ ಕೆಳಗಿನ ಗೇರು ಹಾಕಿಬಿಟ್ಟರೆ ಅದು ಮನುಷ್ಯನ ನಡಿಗೆಯಲ್ಲಿ ತಾನಾಗಿ ಹೋಗುತ್ತದೆ, ನೀನು ಸ್ಟೀರಿಂಗ್ ಚಕ್ರ ಹಿಡಿದುಕೊಂಡಿರು ಸಾಕು ಅಂದರು. ಆ ಮೊಂಡುಗಾಡಿಯನ್ನು ತಿರುಗಿಸಲು ನಾನು ಚಕ್ರಕ್ಕೆ ಜೋತುಬೀಳಬೇಕಿತ್ತು. ಸೀರೆಯ ನೆರಿಗೆ ಎತ್ತಿಕಟ್ಟಿ ಜೀಪು ಬಿಡುವ ಸೊಸೆಯನ್ನು ನೋಡಿ ಊರಿನವರು ಮೂಗಿನ ಮೇಲೆ ಬೆರಳಿಟ್ಟರು.

ಶನಿವಾರ ಬೆಳಕು ಹರಿಯುತ್ತಲೇ ಹೊರಟೆವು. ಯಜಮಾನರು ಮಿಲಿಟರಿ ಬೂಟನ್ನು ಜಗಲಿಯಲ್ಲೇ ಬಿಚ್ಚಿಟ್ಟು ಬರಿಗಾಲಲ್ಲಿ ಮುಂದೆ ನಡೆದರು. ನಾಲ್ಕು ವರ್ಷ ಬೂಟಿನಲ್ಲಿದ್ದ ಕಾಲು, ಎಳೆಮಗುವಿನದರಂತೆ ಬೆಳ್ಳಗಾಗಿತ್ತು. ಕಾಡು ಸೇರುವ ಹೊತ್ತಿಗೆ ಕುಂಟುತ್ತಿದ್ದರು. ಹಳ್ಳದಲ್ಲಿ ಒಂದು ಗಾಲಿ ಮರಳಿಗಿಳಿಯಿತು, ಇನ್ನೊಂದು ಗಾಲಿ ಎಳೆದುಕೊಂಡು ದಡ ಹತ್ತಿಸಿತು. ಅತ್ತೆ ಅದೊಂದನ್ನೂ ನೋಡಲಿಲ್ಲ. ದಾರಿಯುದ್ದಕ್ಕೂ ಅವರ ಕಣ್ಣು ಮಗನ ಹಿಮ್ಮಡಿಯ ಮೇಲೇ ಇತ್ತು. ಕಾಲಿಗೆ ಏನಾದರೂ ಸುತ್ತಿಕೊಳ್ಳಲು ಹೇಳು ಅಂತ ನನಗೆ ಎರಡು ಸಲ ಹೇಳಿದರು. ಬೇಡವಂತೆ ಅಂತ ನಾನು ಎರಡು ಸಲ ತಿಳಿಸಿದೆ.

ಮುತ್ತತ್ತಿ ಸೇರಿದಾಗ ಮಧ್ಯಾಹ್ನ ಇಳಿದಿತ್ತು. ಅತ್ತೆಯನ್ನು ತೋಳು ಹಿಡಿದು ಇಳಿಸಿದೆವು. ಹರಕೆಯ ವಿಷಯ ಕೇಳಿ ಪೂಜಾರಿಗಳು, ನಡೆದು ಬರುವ ಹರಕೆ ಅಂತೀರಿ, ಗಾಡಿಯಲ್ಲಿ ಬಂದಿದ್ದೀರಲ್ಲಮ್ಮ ಅಂದರು. ತಪ್ಪು ಹುಡುಕುವ ಮಾತಲ್ಲ, ಸುಮ್ಮನೆ ಕೇಳಿದ್ದು.

"ನಡ್ಕಂಡೇ ಬಂದಿವ್ನಿ ಕಣಪ್ಪ," ಅಂದರು ಅತ್ತೆ. "ಅಗೋ, ಆ ಕಾಲ್ನೋಡು. ಅದ್ನ ಹೆತ್ತೋಳು ನಾನು."

ಪೂಜಾರಿಗಳು ಮಂಗಳಾರತಿ ಮಾಡಿದರು. ಹೊರಗೆ ಬಂದು ಹೊಳೆಯ ಮೆಟ್ಟಿಲ ಹತ್ತಿರ ಅತ್ತೆ ಮಗನ ಕಡೆ ತಿರುಗಿದರು. ನನ್ನ ಕಡೆಗಲ್ಲ.

"ಬಾ ಮಗ, ಕುಂತ್ಕೊ. ಉರೀತಾ ಅದಾ?"

"ಹೂಂ ಕಣವ್ವ," ಅಂದರು ಯಜಮಾನರು. ಬರ್ಮಾ ಕಂಡು ಬಂದ ಗಂಡಸು, ಮಕ್ಕಳ ಹಾಗೆ ಅತ್ತರು.

ಮಾರನೆಯ ಬೆಳಿಗ್ಗೆ ಅವರಿಗೆ ಪೆಡಲು ಒತ್ತಲು ಆಗುತ್ತಿರಲಿಲ್ಲ, ಕಾಲೆಲ್ಲ ಬೊಬ್ಬೆ. ವಾಪಸೂ ನಾನೇ ಬಿಟ್ಟೆ. ತಾಯಿ ಮಗ ಹಿಂದೆ ಕೂತಿದ್ದರು. ಹೊರಟಾಗ ಶುರುವಾದ ಮಾತು ನಿಲ್ಲಲೇ ಇಲ್ಲ. ಸತ್ತ ಎಮ್ಮೆಯಿಂದ ಹಿಡಿದು ಬರ್ಮಾದ ಜಿಗಣೆಯ ತನಕ ನಾಲ್ಕು ವರ್ಷದ ಬಾಕಿ. ನಡುನಡುವೆ ಅತ್ತೆ ಬೈಯುತ್ತಿದ್ದರು, ಅವರು ಎದುರು ಬೈಯುತ್ತಿದ್ದರು. ಅದೆಲ್ಲದರಲ್ಲಿ ಒಂದು ಮಾತಿಗಾದರೂ ನನ್ನನ್ನು ಕರೆಯಬೇಕಲ್ಲ! ಊರು ಸೇರುವಷ್ಟರಲ್ಲಿ ಸಾಯಂಕಾಲ ದನ ಹಟ್ಟಿಗೆ ಬರುತ್ತಿದ್ದವು.

ಬರುವಾಗಲೂ ಆಮೆಯ ಹಾಗೆ ತಂದಳು, ಎರಡನೆಯ ಗೇರು ಹಾಕಲು ಬಾರದ ಡ್ರೈವರು ನಮ್ಮವಳು ಅಂತ ಯಜಮಾನರು ಕೊನೆಯ ತನಕ ನೆಂಟರಿಷ್ಟರ ಮುಂದೆ ನನ್ನನ್ನು ಆಡಿಕೊಂಡರು. ಹೌದು ಅಂತ ನಾನೂ ನಗುತ್ತಿದ್ದೆ. ಮೊನ್ನೆ ಸ್ಟೂಲಿನ ಮೇಲೆ ಕೂತು ಇದನ್ನೇ ಹೇಳಿದಾಗ ಆ ಮೆಕ್ಯಾನಿಕ್ಕೂ ನಕ್ಕ. ನಿಜವಾಗಲೂ ಎರಡನೆಯ ಗೇರು ಬರುತ್ತಿರಲಿಲ್ಲವಾ ಅಜ್ಜಿ ಅಂತ ಕೇಳಿದ. ಅತ್ತೆ ಇಲ್ಲ, ಯಜಮಾನರೂ ಇಲ್ಲ, ಇನ್ನು ಯಾರಿಗಾಗಿ ಮುಚ್ಚಿಡಲಿ ಅನ್ನಿಸಿತು.

"ಬತ್ತಿತ್ತು ಕಣಪ್ಪ," ಅಂದೆ. "ಕಣದಲ್ಲಿ ಮೂರ್ನೇ ದಿನಾನೇ ಕಲ್ತಿದ್ದೆ. ಹಿಂದ್ಗಡೆ ಅವ್ರಿನ್ನೂ ಮಾತಾಡ್ತಾ ಇದ್ರು, ಅದ್ಕೇ ಹಾಕ್ಲಿಲ್ಲ."