ಮಾದೇವಕ್ಕ ಮತ್ತು ಚಾ ಕುಡಿಯದ ಗಿರಾಕಿ

ಮಾದೇವಕ್ಕ ತನ್ನ ಗಿರಾಕಿಗಳನ್ನು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಯೇ ಇಲ್ಲ. ಅವರು ಚಾ ಕುಡಿಯುವ ರೀತಿಯೇ ಅವರ ಹೆಸರು. ಶಾಲೆಯ ಹೆಡ್ಮಾಸ್ತರು ‘ಅರ್ಧ ಗ್ಲಾಸು’, ಬೋಟಿನ ಡ್ರೈವರು ‘ಕಡಕ್’, ಚಾವನ್ನು ಪುಟ್ಟ ತಟ್ಟೆಯಂಥ ಬಸಿಗೆ ಹೊಯ್ದುಕೊಂಡು ಸುರ್ರೆನ್ನಿಸುವ ಪಂಚಾಯ್ತಿ ಮೆಂಬರು ‘ಬಸಿ’. ಅಂಚೆ ಕಚೇರಿಗೆ ಹೊಸದಾಗಿ ಬಂದ ನಾನು ಮೊದಲ ದಿನ ಸಕ್ಕರೆ ಕಡಿಮೆ ಇರಲಿ ಎಂದೆ. ಅಲ್ಲಿಂದ ಮುಂದೆ ತದಡಿ ಊರಿಗೆಲ್ಲ ನಾನು ‘ಸಪ್ಪೆ ತಂಗಿ’.

ಒಮ್ಮೆ ಕುಮಟೆಯಿಂದ ಬಂದ ಅಧಿಕಾರಿಯೊಬ್ಬರು ಮೆಂಬರರ ಮನೆ ಎಲ್ಲಿ ಎಂದು ಕೇಳಿದಾಗ, “ಯಾರು, ಬಸಿದಾ? ಆ ತೆಂಗಿನ ಮರದ ಆಚೆ” ಎಂದುಬಿಟ್ಟಳು. ಅವರು ‘ಬಸಿಯವರ ಮನೆ’ ಕೇಳುತ್ತ ಕೇರಿಯೆಲ್ಲ ತಿರುಗಿದರು. ಮೆಂಬರು ಕೆಲವು ದಿನ ಬಾಯಿ ಸುಟ್ಟುಕೊಂಡು ಗ್ಲಾಸಿನಲ್ಲೇ ಕುಡಿದರು.

ಬೋಟುಗಳು ನಿಲ್ಲುವ ಧಕ್ಕೆಯ ಪಕ್ಕದ ಅವಳ ತಗಡಿನ ಅಂಗಡಿ, ಗಂಡ ತೀರಿಕೊಂಡ ಮೇಲೆ ಅಣ್ಣ ಗಣಪಣ್ಣ ಕಟ್ಟಿಕೊಟ್ಟದ್ದು. ಬೆಳಗಿನ ಮೊದಲ ಚಾ ಅವನಿಗೇ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ಊರ ಹಿಂದಿನ ಗುಡ್ಡದ ಮೇಲೆ ಬೆಂಗಳೂರಿನ ಕಂಪನಿಯೊಂದು ಡಾಟಾ ಸೆಂಟರ್ ಕಟ್ಟುತ್ತದಂತೆ ಎಂದು ಸುದ್ದಿಯಾಯಿತು. ಹಗಲೂ ರಾತ್ರಿ ಕಂಪ್ಯೂಟರುಗಳೇ ಓಡುವ ಕಟ್ಟಡ ಎಂದರು. ಅದಕ್ಕಿಂತ ಹೆಚ್ಚು ನಮಗೆ ತಿಳಿಯಲಿಲ್ಲ. ಗುಡ್ಡದ ಜಾಗ ಬಹುಪಾಲು ಗಣಪಣ್ಣನದು. ಹುಲ್ಲೂ ಸರಿಯಾಗಿ ಹುಟ್ಟದ ಆ ನೆಲ ಮಾರಿ ಸ್ವಂತ ಬೋಟು ಮಾಡಬೇಕೆಂದು ಅವನ ಆಸೆ. ಮಾದೇವಕ್ಕನಿಗೆ ಅಲ್ಲಿನ ಕ್ಯಾಂಟೀನು ಕೊಡುತ್ತೇವೆಂದಿದ್ದರು. ಅವಳು ಆಗಲೇ ಕುಮಟೆಗೆ ಹೋಗಿ ದೊಡ್ಡ ಚಾ ಪಾತ್ರೆ ನೋಡಿಕೊಂಡು ಬಂದಿದ್ದಳು.

ಶಾಲೆಯ ಜಗಲಿಯಲ್ಲಿ ಸಭೆ ಸೇರಿತು. ಕಂಪನಿಯ ತರುಣ ನಕ್ಷೆ ತೋರಿಸಿ ಮುಗಿಸಿದ ಮೇಲೆ ಮಾದೇವಕ್ಕ ಎದ್ದಳು.

“ಅಲ್ಲ ತಮ್ಮಾ, ಒಳಗೆ ಎಷ್ಟು ಜನ ಇರ್ತಾರೆ?”

“ಶುರುವಾದ ಮೇಲೆ ಹತ್ತು ಹದಿನೈದು ಜನ ಅಮ್ಮ. ಉಳಿದದ್ದನ್ನೆಲ್ಲ ಯಂತ್ರಗಳೇ ನೋಡಿಕೊಳ್ಳುತ್ತವೆ.”

“ಯಂತ್ರ ಚಾ ಕುಡೀತದ್ಯಾ?”

ಸಭೆ ನಕ್ಕಿತು. ಅವನೂ ನಕ್ಕ. “ಇಲ್ಲಮ್ಮ, ಅವು ಬಿಸಿಯಾಗದ ಹಾಗೆ ನೀರು ಬೇಕು ಅಷ್ಟೆ. ಗುಡ್ಡದ ಮೇಲೇ ಬೋರ್‌ವೆಲ್ ತೆಗೆಯುತ್ತೇವೆ.”

ನಗು ನಿಂತಿತು. ಸಮುದ್ರಕ್ಕೆ ತಾಗಿದ ಆ ದಡದಲ್ಲಿ ಹೊಳೆಯೂ ಉಪ್ಪು, ಬಾವಿಗಳೂ ಉಪ್ಪು. ಗುಡ್ಡದ ಬುಡದ ಒಂದು ಬಾವಿ ಮಾತ್ರ ಸಿಹಿ. ಊರೆಲ್ಲ ಕುಡಿಯುವುದು ಅದನ್ನೇ.

“ಚಾ ಬೇಡ, ಬರೀ ನೀರು ಕೊಡು ಅನ್ನೋ ಗಿರಾಕಿ ನಂಗೆ ಎಂತಕ್ಕೆ?” ಎಂದು ಅವಳು ಕೂತಳು.

ಮುಂದಿನ ವಾರ ಕಂಪನಿಯವರು ಜಾಗದ ಅಳತೆಗೆ ಬಂದರು. ಗಣಪಣ್ಣನೇ ಅಂಗಡಿಗೆ ಕರೆತಂದ. ಮಾದೇವಕ್ಕ ನಗುನಗುತ್ತಲೇ ಚಾ ಕೊಟ್ಟಳು. ಒಂದು ಗುಟುಕಿಗೇ ಎಲ್ಲರೂ ಮುಖ ಕಿವುಚಿದರು. ಧಕ್ಕೆಯ ಉಪ್ಪು ಬಾವಿಯ ನೀರು.

“ಸಿಹಿ ನೀರು ನಿಮ್ಮ ಯಂತ್ರಕ್ಕೆ ಹೋದ್ಮೇಲೆ ನಮಗೆ ಇದೇ ಅಲ್ದಾ? ಈಗ್ಲೇ ರೂಢಿ ಆಗ್ಲಿ ಅಂತ ಮಾಡ್ದೆ.”

ಬಂದವರು ಗ್ಲಾಸು ಕೆಳಗಿಟ್ಟರು. ಗಣಪಣ್ಣ ಮಾತ್ರ ತಂಗಿಯನ್ನೇ ನೋಡುತ್ತ ಪೂರ್ತಿ ಕುಡಿದು ಮುಗಿಸಿದ. ಮರುದಿನದಿಂದ ಅಂಗಡಿಗೆ ಬರಲಿಲ್ಲ.

ಗ್ರಾಮಸಭೆಯಲ್ಲಿ ಊರು ಒಂದೇ ಮಾತಿನಲ್ಲಿ ಬೇಡವೆಂದಿತು. ಕಂಪನಿ ಬೇರೆಲ್ಲಿಗೋ ಹೋಯಿತು. ನಮಗೆ ಹೆದರಿಯೋ, ಕರೆಂಟಿನ ತೊಂದರೆಗೋ, ಯಾರೂ ಹೇಳಲಿಲ್ಲ. ಜನ ಹೊಗಳಿದರೆ ಮಾದೇವಕ್ಕ ಮಾತು ತಿರುಗಿಸುವಳು. ನನ್ನೆದುರು ಮಾತ್ರ ಒಮ್ಮೆ, “ನೀರು ಉಳೀತು, ಆತು. ಅಣ್ಣನ ಬೋಟು ಹೋತಲ್ಲ ತಂಗಿ” ಎಂದಳು. ಅಣ್ಣ ಆ ದಾರಿಯಲ್ಲಿ ಬಂದರೆ ಬೇಕೆಂದೇ ಬಾಗಿಲಿಗೆ ಬಂದು ನಿಲ್ಲುವಳು. ಅವನು ಕೊಡೆ ಅಡ್ಡ ಹಿಡಿಯುವನು, ಮಳೆ ಬಿಸಿಲು ಎರಡೂ ಇಲ್ಲದ ದಿನವೂ.

ನನಗೆ ಭಟ್ಕಳಕ್ಕೆ ವರ್ಗವಾಯಿತು. ಮಾದೇವಕ್ಕನನ್ನು ಹೊನ್ನಾವರದ ಆಸ್ಪತ್ರೆಗೆ ಸೇರಿಸಿದ್ದಾರೆಂದು ಕೆಲವು ವರ್ಷಗಳ ಮೇಲೆ ತಿಳಿದು ಹೋದೆ. ಅದೇ ಕೊನೆಯ ಭೇಟಿಯಾಯಿತು. ಮಂಚದ ಪಕ್ಕ ಗಣಪಣ್ಣ ಕುಳಿತಿದ್ದ. ಎಮ್ಮೆ ಕರು ಹಾಕಿದ್ದು, ಮಾಡಿನ ಹಂಚು ಒಡೆದದ್ದು, ಸೊಸೆಯ ತಮ್ಮನ ಮದುವೆಗೆ ಹೋದದ್ದು, ಹೀಗೆ ಒಂದರ ಬೆನ್ನಿಗೆ ಒಂದು ಹೇಳುತ್ತಲೇ ಇದ್ದ. ಅವಳ ಕಣ್ಣು ಎಳೆಯುತ್ತಿತ್ತು. ನರ್ಸು ಬಂದು, “ಅವರು ಸ್ವಲ್ಪ ಮಲಗಲಿ, ನೀವು ಹೊರಗಿರಿ” ಎಂದಳು. ಗಣಪಣ್ಣ ಏಳಹೊರಟ.

ಮಾದೇವಕ್ಕ ಅವನ ಅಂಗಿಯ ತುದಿ ಹಿಡಿದುಕೊಂಡಳು.

“ಕೂತ್ಕೊಳ್ಲಿ ಬಿಡಿ ಸಿಸ್ಟರ್. ಇವನ ಕತೆ ಇನ್ನೂ ಮದುವೆ ಊಟಕ್ಕೇ ಬರ್ಲಿಲ್ಲ.”