ಸವೆಯುವ ಟೈರೇ ಬೇಕು ಎಂದವರು

ಆ ಕಾರಿನಿಂದ ಮೊದಲು ಇಳಿಯುತ್ತಿದ್ದುದು ಒಂದು ಜೊತೆ ಹವಾಯಿ ಚಪ್ಪಲಿ. ಬಾಗಿಲು ತೆರೆದು ಅವರೇ ಅವನ್ನು ನೆಲಕ್ಕೆ ಹಾಕುತ್ತಿದ್ದರು. ಕಾರು ಓಡಿಸುವಾಗ ಅವರದು ಬರಿಗಾಲು. ಆಮೇಲೆ ಎರಡೂ ಪಾದಗಳು ಒಟ್ಟಿಗೆ ಹೊರಬಂದು ಚಪ್ಪಲಿ ಹುಡುಕುತ್ತಿದ್ದವು. ಒಂದು ಕೈ ಕಾರಿನ ನೆತ್ತಿಯನ್ನು, ಇನ್ನೊಂದು ಕೈ ಸೀರೆಯ ನೆರಿಗೆಯನ್ನು ಹಿಡಿಯುತ್ತಿತ್ತು. ನೆಲಕ್ಕೆ ಅಂಟಿಕೊಂಡಂತಿದ್ದ ಆ ಅರಿಶಿನ ಬಣ್ಣದ ಸ್ಪೋರ್ಟ್ಸ್ ಕಾರಿನೊಳಗಿಂದ, ಅರುವತ್ತರ ಹತ್ತಿರದ, ತುಂಬಿದ ಮೈಯ, ಮುಡಿಯಲ್ಲಿ ಅಬ್ಬಲಿಗೆ ಇಟ್ಟ ಹೆಂಗಸೊಬ್ಬರು ಎದ್ದು ನಿಲ್ಲುತ್ತಿದ್ದರು. ಡೊಂಬಿವಲಿಯ ನಮ್ಮ ಕಟ್ಟಡದ ಅಂಗಳದಲ್ಲಿ ಇದು ದಿನವೂ ನಡೆಯುತ್ತಿತ್ತು. ದಿನವೂ ಯಾರಾದರೊಬ್ಬರು ಬಾಲ್ಕನಿಯಿಂದ ನಗುತ್ತಿದ್ದರು. ಅವರು ತಲೆ ಎತ್ತಿ, "ಎಂಥ ನೋಡುದು? ಹಲ್ಲು ಉಜ್ಜಿ ಆಯ್ತಾ?" ಎಂದು ಕೇಳುತ್ತಿದ್ದರು. ನಗು ಅಲ್ಲಿಗೆ ನಿಲ್ಲುತ್ತಿತ್ತು.

ಎಲ್ಲರೂ ಅವರನ್ನು ಮೆಸ್ಸಿನ ಅಕ್ಕ ಎನ್ನುತ್ತಿದ್ದರು. ಕಟ್ಟಡದ ನೆಲಮಹಡಿಯಲ್ಲಿ ಅವರ ಊಟದ ಮನೆ. ಊರು ಉಡುಪಿಯ ಕಡೆ. ಮನೆಯಲ್ಲಿ ತುಳು, ನಮ್ಮೊಂದಿಗೆ ಕನ್ನಡ, ತರಕಾರಿಯವನೊಂದಿಗೆ ಮರಾಠಿ, ಜಗಳಕ್ಕೆ ಹಿಂದಿ. ಹೊಸದಾಗಿ ಕೆಲಸಕ್ಕೆ ಸೇರಿದ ನಮ್ಮ ಕಡೆಯ ಹುಡುಗರೆಲ್ಲ ಬೆಳಿಗ್ಗೆ ಅವರ ಇಡ್ಲಿ ತಿಂದೇ ಲೋಕಲ್ ರೈಲು ಹಿಡಿಯುತ್ತಿದ್ದರು. ನಾನು ಮೈಸೂರಿನವನು, ಮಹಾಪೆಯ ಕಾರ್ಖಾನೆಯೊಂದರಲ್ಲಿ ಪಾಳಿಯ ಮೇಲ್ವಿಚಾರಕನಾಗಿ ನಿವೃತ್ತನಾದವನು. ಏಳುವುದು, ನಡೆಯುವುದು, ತಿನ್ನುವುದು ಎಲ್ಲವೂ ನನಗೆ ಹೊತ್ತಿಗೆ ಸರಿಯಾಗಿ ಆಗಬೇಕು. ಕಾರ್ಖಾನೆಯ ಸೈರನ್ನಿಗೆ ಇಲ್ಲಿನವರು ಭೋಂಗಾ ಎನ್ನುತ್ತಾರೆ. ಅಕ್ಕ ನನಗೆ ಇಟ್ಟ ಹೆಸರು ಭೋಂಗಾ ಸಾಹೇಬ್ರು.

ಇಡ್ಲಿಯ ಹಿಟ್ಟು ರುಬ್ಬುತ್ತಿದ್ದುದು ಮಹಾಪೆಯ ಒಂದು ಬಾಡಿಗೆ ಶೆಡ್ಡಿನಲ್ಲಿ. ನಮ್ಮ ಕಟ್ಟಡದವರು ದೊಡ್ಡ ಗ್ರೈಂಡರಿನ ಸದ್ದಿಗೆ ತಕರಾರು ತೆಗೆದದ್ದರಿಂದ ಆ ವ್ಯವಸ್ಥೆ. ಸಂಜೆ ಅಲ್ಲಿ ರುಬ್ಬಿಟ್ಟ ಹಿಟ್ಟು ಅಲ್ಲೇ ಉಬ್ಬಿ, ಬೆಳಗಾಗುವಾಗ ಡೊಂಬಿವಲಿಗೆ ಬರಬೇಕು. ಗಂಡ ಇದ್ದಾಗ ಸ್ಕೂಟರಿನಲ್ಲಿ ಬರುತ್ತಿತ್ತು. ಓಡಿಸುವವರು ಗಂಡ, ಅಕ್ಕ ಹಿಂದೆ ಕೂತು ಸ್ಟೀಲಿನ ಡಬ್ಬವನ್ನು ಅಪ್ಪಿಕೊಳ್ಳುವವರು. ಗಂಡ ತೀರಿಹೋದ ಮೇಲೆ ಮಗ ಒಂದು ವ್ಯಾನು ಕೊಡಿಸುತ್ತೇನೆ ಎಂದ. ಅಕ್ಕ ಡ್ರೈವಿಂಗ್ ಕಲಿತರು. ತರುವಾಗ ಮಾತ್ರ ತಂದದ್ದು ಈ ಕಾರನ್ನು. ಹಿಂದೊಮ್ಮೆ ಅವರಲ್ಲಿ ಉಂಡು ದೊಡ್ಡ ಹುದ್ದೆಗೇರಿದ್ದ ವಾಶಿಯ ಅಧಿಕಾರಿಯೊಬ್ಬ ಚೆನ್ನೈಗೆ ವರ್ಗವಾಗಿ ಹೋಗುವಾಗ ಮಾರಿದ ಹಳೆಯ ಗಾಡಿ ಅದು.

"ಇದೆಂಥದ್ದು ಅಕ್ಕ, ಎರಡೇ ಸೀಟು!" ಎಂದು ನಾನು ಕೇಳಿದ್ದೆ.

"ಅದಕ್ಕೇ ತೆಗೊಂಡದ್ದು. ಇದಕ್ಕೆ ಹಿಂದಿನ ಸೀಟೇ ಇಲ್ಲ ಮಾರಾಯ್ರೇ. ನನ್ನನ್ನು ಹಿಂದೆ ಕೂರಿಸ್ಲಿಕ್ಕೆ ಯಾರಿಗೂ ಆಗುದಿಲ್ಲ."

ಪಕ್ಕದ ಸೀಟಿನಲ್ಲಿ ಬೆಲ್ಟ್ ಕಟ್ಟಿಸಿಕೊಂಡು ಹಿಟ್ಟಿನ ಡಬ್ಬ ಕೂರುತ್ತಿತ್ತು. ಇನ್ನೊಂದು ಡಬ್ಬ ಹಿಂದಿನ ಡಿಕ್ಕಿಯಲ್ಲಿ. ಮಹಾಪೆಯ ದಾರಿಯಲ್ಲಿ ಸಿಗುವ ಶಿಳಫಾಟಾದ ನಾಕಾದಲ್ಲಿ ಲಾರಿಗಳ ನಡುವೆ ಆ ಹಳದಿ ಕಾರು ನುಗ್ಗಿಬರುವಾಗ ಪೊಲೀಸರೂ ಒಮ್ಮೆ ತಿರುಗಿ ನೋಡುತ್ತಿದ್ದರು.

ಕಾರು ಬಂದ ಎರಡನೆಯ ಮಳೆಗಾಲಕ್ಕೆ ಮೊದಲೇ ಟೈರುಗಳು ಸವೆದುಹೋದವು. ಹೊಸದಾಗಿ ಹಾಕಿಸಿಕೊಂಡೇ ತಂದ ಟೈರುಗಳು. ಮಗನಿಗೆ ಇದೇ ಬೇಕಾಗಿತ್ತು. ಅವನು ಡೊಂಬಿವಲಿಯಲ್ಲೇ ಹುಟ್ಟಿದವನು. ತಾಯಿ ಕನ್ನಡದಲ್ಲಾಗಲಿ ತುಳುವಿನಲ್ಲಾಗಲಿ ಮಾತಾಡಿದರೆ ಉತ್ತರ ಬರುವುದು ಹಿಂದಿಯಲ್ಲಿ. "ಅಮ್ಮಾ, ಬೇಚ್ ಡಾಲೋ ನಾ. ಗಿರಾಕಿ ಹೈ ಮೇರೆ ಪಾಸ್. ಲೋಗ್ ಹಸ್ತೇ ಹೈಂ" ಎಂದ. ಮಾರಿಬಿಡು, ಗಿರಾಕಿ ಇದ್ದಾನೆ ಎಂಬುದು ಮಾತು; ಜನ ನಗುತ್ತಾರೆ ಎಂಬುದೇ ಅವನ ದೊಡ್ಡ ಚಿಂತೆ. ಕಟ್ಟಡದ ಕಾರ್ಯದರ್ಶಿಯೂ ಬಂದು, ಈ ವಯಸ್ಸಿನಲ್ಲಿ, ಅದೂ ಒಂಟಿ ಹೆಂಗಸು, ಎಂದು ಶುರುಮಾಡಿದರು. ಅಕ್ಕ ಅವರಿಗೆ ಒಂದು ಲೋಟ ಕಾಫಿ ಕೊಟ್ಟು, "ಒಂಟಿ ಅಲ್ಲ, ಡಬ್ಬ ಉಂಟಲ್ಲ ಪಕ್ಕದಲ್ಲಿ" ಎಂದರು.

ಅವರ ಮಾತು ಎಷ್ಟೇ ಹಗುರವಾಗಿದ್ದರೂ, ಟೈರು ಹೀಗೆ ವರ್ಷಕ್ಕೊಮ್ಮೆ ಹೋಗುವುದಾದರೆ ಕಾರು ಉಳಿಯುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು. ಆದ್ದರಿಂದ ಒಂದು ಭಾನುವಾರ ನನ್ನನ್ನು ಕರೆದುಕೊಂಡು ಶಿಳಫಾಟಾದ ಹತ್ತಿರದ ಟೈರ್ ಅಂಗಡಿಗೆ ಹೊರಟರು. ಮಗನೂ ತನ್ನ ಬೈಕಿನಲ್ಲಿ ಹಿಂದೆ ಬಂದ, ಮಾರುವ ಮಾತು ಅಲ್ಲೇ ಮುಗಿಯಲಿ ಎಂದು.

ಅಂಗಡಿಯವರು ಬಿಜಾಪುರದ ಕಡೆಯವರು. ಕಾರನ್ನು ಜಾಕಿಯ ಮೇಲೆ ಎತ್ತಿ, ಚಕ್ರ ತಿರುಗಿಸಿ ನೋಡಿದರು.

"ಅಕ್ಕಾರ, ನಡುವ ನೋಡ್ರಿ, ಹೊಸಾದ್ ಇದ್ದಂಗ ಐತಿ. ಎರಡೂ ಅಂಚು ನುಣ್ಣಗ ಆಗ್ಯಾವ. ಗಾಳಿ ಕಡಿಮಿ ಇಟ್ಟು ಓಡಿಸೀರಿ."

"ಹೌದು. ಇಳಿಸಿದ್ದು ನಾನೇ" ಎಂದರು ಅಕ್ಕ.

ನಾವು ಮೂವರೂ ಅವರ ಮುಖ ನೋಡಿದೆವು.

"ಹಾಗೆ ನೋಡ್ಬೇಡಿ. ಉಬ್ಬಿದ ಹಿಟ್ಟು ಕುಲುಕಿದ್ರೆ ಕೂತುಬಿಡ್ತದೆ. ಈ ರಸ್ತೆಯ ಗುಂಡಿಗೆ ಈ ಗಾಡಿ ಕಲ್ಲಿನ ಹಾಗೆ ಹಾರ್ತದೆ. ಗಾಳಿ ಸ್ವಲ್ಪ ಬಿಟ್ರೆ ಮೆತ್ತಗೆ ಬರ್ತದೆ. ಇಡ್ಲಿ ಹೂವಿನ ಹಾಗೆ ಏಳ್ತದೆ. ನೀವೆಲ್ಲ ತಿಂದದ್ದು ಎಂಥ ಮತ್ತೆ? ಟೈರನ್ನೇ!"

ಅಂಗಡಿಯವರು ನಕ್ಕು ಸುಸ್ತಾಗಿ ಸ್ಟೂಲಿನ ಮೇಲೆ ಕೂತರು. ಮಗ ಮಾತ್ರ ನಗಲಿಲ್ಲ. ನೋಡಿ, ಇದು ಹಿಟ್ಟು ಹೊರುವ ಗಾಡಿಯಲ್ಲ, ಮಾರಿ ವ್ಯಾನು ತೆಗೆದುಕೊಳ್ಳೋಣ ಎಂದು ಹಿಂದಿಯಲ್ಲಿ ಮತ್ತೆ ಅದೇ ಮಾತು ತೆಗೆದ. ನನಗೂ ಒಂದು ಅಭಿಪ್ರಾಯವಿತ್ತು. ಸಾಮಾನ್ಯ ಕಾರುಗಳಿಗೆ ಹಾಕುವ ಗಟ್ಟಿ ರಬ್ಬರಿನ ಟೈರು ಹಾಕಿಸಿದರೆ ವರ್ಷಗಟ್ಟಲೆ ನೋಡಬೇಕಾಗಿಲ್ಲ ಎಂದೆ. ಅಂಗಡಿಯವರೂ ಅದಕ್ಕೇ ಒಪ್ಪಿದರು. "ಖರೇ ಅಂದ್ರು ಸಾಹೇಬ್ರು. ಈ ಗಾಡಿಗಿ ಹಿಂದಿನ ಟೈರ್ ಅಗಲ, ಮುಂದಿಂದು ಸಣ್ಣದು. ಅದರದ್ದ ಮಾಲು ಇಲ್ಲಿ ಸಿಗಂಗಿಲ್ಲ, ತರಿಸ್ಬೇಕು. ನಾಲ್ಕಕ್ಕೂ ಒಂದ ಅಳತಿದು ಗಟ್ಟಿ ಟೈರ್ ಕೂಡಿಸಿಬಿಡ್ತೀನಿ, ಮರತು ಬಿಡ್ರಿ."

ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಗೋಡೆಗೆ ಒರಗಿಸಿದ್ದ ಟೈರುಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಒತ್ತಿ ನೋಡಿದರು.

"ಮಹಾಪೆಗೆ ಇಳಿಯುವ ಇಳಿಜಾರು ಉಂಟಲ್ಲ, ಅಲ್ಲಿ ಮಳೆಯಲ್ಲಿ ಬ್ರೇಕ್ ಹಾಕಿದ್ರೆ ಯಾವುದು ನಿಲ್ತದೆ?"

"ನಿಂದ್ರೋದು ಅಂದ್ರ ಮೆತ್ತಂದ ನಿಂದರ್ತದ, ಈ ಗಾಡಿದ್ದ ಟೈರ್. ಆದ್ರ ಅದು ಲಗೂನ ಸವೀತದ ಅಕ್ಕಾರ. ಗಾಳಿ ಬರೊಬ್ಬರಿ ಇಟ್ರೂ ಗಟ್ಟಿದರಷ್ಟು ಬಾಳಂಗಿಲ್ಲ."

"ಹಾಗಾದ್ರೆ ಅದೇ ತರಿಸಿ."

ನನಗೆ ತಡೆಯಲಾಗಲಿಲ್ಲ. "ಅಕ್ಕಾ, ಬಾಳಿಕೆ ಬರೋದು ಕೈಯಲ್ಲೇ ಇರುವಾಗ ಸವೆಯೋದನ್ನ ಯಾರಾದ್ರೂ ಕೇಳಿ ತಗೋತಾರಾ?"

"ಭೋಂಗಾ ಸಾಹೇಬ್ರೇ, ನಿಮ್ಮ ಟೈರು ನನಗಿಂತ ಹೆಚ್ಚು ದಿನ ಬದುಕ್ಬೇಕಾ? ರಸ್ತೆ ಹಿಡಿಯುವ ಟೈರು ಸವೆಯುದೇ. ಸವೆಯುದೇ ಬೇಡ ಅಂತಾದ್ರೆ ಗೋಡೆಗೆ ಒರಗಿಸಿ ಇಡ್ಬೇಕು, ಇಲ್ಲಿ ಇಟ್ಟಿದ್ದಾರಲ್ಲ, ಹಾಗೆ."

ಮಗ ಬೈಕು ಒದ್ದು ಹೊರಟುಹೋದ.

ಟೈರು ಬರಲು ವಾರಗಳೇ ಹಿಡಿದವು. ಸವೆದ ಟೈರಿನಲ್ಲಿ ಮಳೆಗಾಲದ ರಸ್ತೆಗೆ ಇಳಿಯುವುದಿಲ್ಲ ಎಂದು ಅಕ್ಕ ಕಾರಿಗೆ ತಾಡಪತ್ರಿ ಹೊದಿಸಿ ನಿಲ್ಲಿಸಿದರು. ಹಿಟ್ಟು ಶೇರ್ ರಿಕ್ಷಾದಲ್ಲಿ, ಪರರ ಮೊಣಕಾಲುಗಳ ನಡುವೆ ಸಿಕ್ಕಿಕೊಂಡು ಬರತೊಡಗಿತು. ಕಟ್ಟಡದಲ್ಲಿ ಕಾರು ಮಾರಿಯೇ ಹೋಯಿತು ಎಂಬ ಮಾತು ಹಬ್ಬಿತು. ಇಡ್ಲಿಯೂ ಚಪ್ಪಟೆಯಾಯಿತು, ಹುಡುಗರು ಗೊಣಗಿದರು. "ತಿನ್ನಿ ಸುಮ್ಮನೆ, ಇದು ರಿಕ್ಷಾ ಇಡ್ಲಿ" ಎಂದು ಅಕ್ಕ ಗದರುತ್ತಿದ್ದರು.

ಆ ದಿನಗಳಲ್ಲೇ ಮಗ ತನ್ನ ಗಿರಾಕಿಯನ್ನು ಹೇಳದೆ ಕೇಳದೆ ಕರೆತಂದ. ಕಪ್ಪು ಕನ್ನಡಕದ ಯುವಕ. ತಾಡಪತ್ರಿ ಎತ್ತಿ ಕಾರಿನ ಸುತ್ತ ತಿರುಗುತ್ತಿದ್ದ. ಅಕ್ಕ ಒಳಗಿಂದ ಸಾಂಬಾರಿನ ಸೌಟು ಹಿಡಿದೇ ಬಂದರು. ಜಗಳವಾಗುತ್ತದೆ ಎಂದು ನಾನು ಮೆಟ್ಟಿಲಿಳಿದು ಹೋದೆ. ಜಗಳವಾಗಲಿಲ್ಲ. "ಆಜಾವೋ, ಪೆಹಲೇ ನಾಷ್ಟಾ ಕರೋ" ಎಂದು ಆತನನ್ನು ಒಳಗೆ ಕೂರಿಸಿ, ಬೇಡ ಎನ್ನುವವರೆಗೆ ಬಡಿಸಿದರು. ಕೈ ತೊಳೆದು ಬಂದ ಆತ ಕಾರಿನ ಮಾತು ತೆಗೆದ. ಅಕ್ಕ ತಾಡಪತ್ರಿಯನ್ನು ಮತ್ತೆ ಎಳೆದು, ಅದರ ಹಗ್ಗ ಬಿಗಿಯುತ್ತ ಹೇಳಿದರು: "ಗಾಡಿ ಬೇಚ್‌ನೇ ಕಾ ನಹೀಂ ಹೈ. ಇಡ್ಲಿ ರೋಜ್ ಮಿಲೇಗಾ." ಇಡ್ಲಿ ದಿನವೂ ಸಿಗುತ್ತದೆ, ಗಾಡಿ ಮಾತ್ರ ಮಾರುವುದಕ್ಕಿಲ್ಲ ಎಂದು ತಿಳಿದ ಆತ ಪೆಚ್ಚಾಗಿ ಮಗನ ಮುಖ ನೋಡಿದ. ಮಗನ ಕಡೆ ತಿರುಗಿದ ಅಕ್ಕ ಕನ್ನಡದಲ್ಲಿ, ನಾನು ಕೇಳಬೇಕೆಂದೇ ಇರಬೇಕು, ಹೀಗೆಂದರು: "ನಿನಗೆ ನಾಚಿಕೆ ಆಗ್ತದಾದ್ರೆ ನೀನು ಆ ಗೇಟಿನಿಂದ ಹೋಗು. ನಾನು ಈ ಗೇಟಿನಿಂದ ಬರ್ತೇನೆ."

ಆದರೆ ಹಟ ಒಂದೇ ಇದ್ದಿದ್ದರೆ ನಾನು ಅವರ ಬಗ್ಗೆ ಬರೆಯುತ್ತಿರಲಿಲ್ಲ. ಹೊಸ ಟೈರಿಗೆ ಗಾಳಿ ಸರಿಯಾಗಿಯೇ ಇರಬೇಕು. ಗಾಳಿ ಸರಿ ಇದ್ದರೆ ಹಿಟ್ಟು ಕುಲುಕುತ್ತದೆ. ಎರಡರಲ್ಲಿ ಒಂದು ಬಿಡಬೇಕು ಎಂದು ನಾವೆಲ್ಲ ಹೇಳುತ್ತಿದ್ದೆವು. ಅಕ್ಕ ಎರಡನ್ನೂ ಬಿಡಲಿಲ್ಲ. ಗಂಡನ ಕಾಲದಿಂದ ನಡೆದುಬಂದಿದ್ದ ಮೆಸ್ಸಿನ ಇಡೀ ದಿನಚರಿಯನ್ನೇ ಕಿತ್ತು ಜೋಡಿಸಿದರು. ಸಂಜೆಯ ರುಬ್ಬುವಿಕೆ ಮಧ್ಯಾಹ್ನಕ್ಕೆ ಬಂತು. ರುಬ್ಬಿದ ಕೂಡಲೇ, ಇನ್ನೂ ಉಬ್ಬದ ಹಿಟ್ಟನ್ನು ತಂದು ಡೊಂಬಿವಲಿಯಲ್ಲೇ ಉಬ್ಬಲು ಬಿಡುವುದು. ಉಬ್ಬುವ ಮೊದಲು ಹಿಟ್ಟು ಎಷ್ಟು ಕುಲುಕಿದರೂ ಚಿಂತೆಯಿಲ್ಲ. ಮಧ್ಯಾಹ್ನದ ಊಟ ಬಡಿಸುವ ಕೆಲಸವನ್ನು ಬೇರೆಯವರಿಗೆ ವಹಿಸಿದರು, ತಮ್ಮ ಊಟ, ಸ್ನಾನ, ಪೂಜೆಯ ಹೊತ್ತುಗಳನ್ನು ಬದಲಿಸಿದರು. ದಿನಚರಿ ಎಂದರೆ ಕಬ್ಬಿಣದ ಹಳಿ ಎಂದು ನಂಬಿ ಬದುಕಿದವನು ನಾನು. ತಮಗೆ ಬೇಕಾದ ಕಡೆಗೆ ಹಳಿಯನ್ನೇ ಬಾಗಿಸಿದವರನ್ನು ನೋಡಿದ್ದು ಅಲ್ಲೇ.

ಟೈರು ಬಂತು. ಭಾನುವಾರ ಬೆಳಿಗ್ಗೆ ಗಾಳಿ ಪರೀಕ್ಷಿಸುವ ಕೆಲಸವನ್ನು ನಾನು ಕೇಳಿ ಪಡೆದೆ. ಆಮೇಲೆ ಬಂದ ಮೊದಲ ಮಳೆಯಲ್ಲಿ ಡಬ್ಬದ ಜಾಗದಲ್ಲಿ ನನ್ನನ್ನು ಕೂರಿಸಿಕೊಂಡು ಮಹಾಪೆಯ ಇಳಿಜಾರು ಇಳಿದರು. ಆಚೆ ಮುಂಬ್ರಾದ ಗುಡ್ಡಗಳ ಮೇಲೆ ಮೋಡ ಕೂತಿತ್ತು. ನಾನು ಬಾಗಿಲಿನ ಹಿಡಿ ಬಿಡಲಿಲ್ಲ. "ಡಬ್ಬ ನಿಮಗಿಂತ ಧೈರ್ಯಸ್ಥ ಮಾರಾಯ್ರೇ, ಒಂದು ದಿನ ಕಣ್ಣು ಮುಚ್ಚಿದ್ದಿಲ್ಲ" ಎಂದರು.

ಆ ಟೈರುಗಳೂ ಸವೆದವು, ತಮ್ಮ ಹೊತ್ತಿಗೆ ಸರಿಯಾಗಿ, ಅಂಚು ನಡು ಎಲ್ಲ ಸಮನಾಗಿ. ಅಕ್ಕ ಮತ್ತೆ ಅವನ್ನೇ ತರಿಸಿದರು. ಅದರ ನಂತರವೂ ಅವನ್ನೇ. ಮಗ ಮಾರುವ ಮಾತು ಬಿಟ್ಟ.

ಮಾರಿದವರು ಕೊನೆಗೆ ಅಕ್ಕನೇ. ಮೆಟ್ಟಿಲು ಹತ್ತುವಾಗ ಅವರಿಗೆ ಉಸಿರು ಸಾಲದಾಯಿತು, ಆಮೇಲೆ ಕೂತಲ್ಲೇ ಸಾಲದಾಯಿತು. ಸ್ಟಿಯರಿಂಗ್ ತಿರುಗಿಸುವಷ್ಟು ಶಕ್ತಿ ಇಲ್ಲ ಎಂದು ಖಾತ್ರಿಯಾದ ದಿನ, ಮೆಸ್ಸಿನಲ್ಲಿ ತಿಂದು ಐರೋಲಿಗೆ ಕೆಲಸಕ್ಕೆ ಹೋಗಿಬರುತ್ತಿದ್ದ ಹುಡುಗಿಯೊಬ್ಬಳನ್ನು ಕರೆಸಿದರು. ಈ ಟೈರು ಸವೆದ ಮೇಲೆ ಎಂಥದ್ದು ಹಾಕಿಸ್ತೀ ಎಂದು ಕೇಳಿದರು. "ಇದೇ, ಆಂಟಿ" ಎಂದಳು. ಕೀಲಿ ಕೊಟ್ಟರು. "ಮಾರಿದ್ದು ನಾನು, ಮಾರ್ಸಿದ್ದು ಯಾರೂ ಅಲ್ಲ" ಎಂದು ನನಗೆ ಎರಡು ಸಲ ಹೇಳಿದರು. ಆ ಮಳೆಗಾಲ ಮುಗಿಯುವ ಮೊದಲೇ ಹೋದರು.

ಉತ್ತರಕ್ರಿಯೆಯ ಊಟಕ್ಕೆ ಮೆಸ್ಸಿನಲ್ಲೇ ಸಾಲಾಗಿ ಎಲೆ ಹಾಕಿದ್ದರು. ಕಟ್ಟಡದವರೆಲ್ಲ ಬಂದಿದ್ದರು. ಅನ್ನ ಬಡಿಸಿ, ಸಾರು ಬರುತ್ತಿರುವಾಗ ಕಾರ್ಯದರ್ಶಿಯವರು ನಿಟ್ಟುಸಿರುಬಿಟ್ಟು, "ಪಾಪ, ಆ ಕಾರು ಮೊದಲೇ ಬಿಟ್ಟಿದ್ದರೆ ಇನ್ನೂ ನಾಲ್ಕು ದಿನ ಇರ್ತಿದ್ದರೋ ಏನೋ" ಎಂದರು. ಸಾಲಿನಲ್ಲಿ ಒಬ್ಬಿಬ್ಬರು ತಲೆಯಾಡಿಸಿದರು.

ಡಾಕ್ಟರು ಹೇಳಿದಾಗ ನಾನು ಅಲ್ಲಿದ್ದೆ. ಕಿಟಕಿಯಿಲ್ಲದ ಅಡುಗೆಮನೆಯಲ್ಲಿ ವರ್ಷಗಟ್ಟಲೆ ಸೀಮೆಎಣ್ಣೆಯ ಸ್ಟವ್ವು, ಆಮೇಲೆ ದಿನವಿಡೀ ಒಗ್ಗರಣೆಯ ಹೊಗೆ. ಬೀಡಿ ಮುಟ್ಟದ ಹೆಂಗಸಿನ ಶ್ವಾಸಕೋಶ ಬೀಡಿ ಸೇದಿದವರದ್ದಕ್ಕಿಂತ ಕೆಟ್ಟಿದೆ ಎಂದಿದ್ದರು.

"ಸ್ವಾಮಿ," ಎಂದೆ. ದನಿ ಪಾಳಿಯ ದಿನಗಳ ದನಿಯೇ ಆಗಿ ಬಂತು. "ಅವರನ್ನು ಕೊಂದದ್ದು ಒಲೆ. ಕಾರು ಮಾರಿ ಅಂತ ಹೇಳೋದಕ್ಕೆ ಇಡೀ ಕಟ್ಟಡವೇ ಬಂತು. ಒಲೆ ಆರಿಸಿ ಅಂತ ಹೇಳೋದಕ್ಕೆ ಯಾರು ಬಂದಿದ್ದರು?"

ಸಾರಿನ ಬಕೆಟ್ಟು ಹಿಡಿದು ಬರುತ್ತಿದ್ದ ಮಗ ಅಲ್ಲೇ ನಿಂತ. ಕೂತವರೆಲ್ಲ ಆ ಒಲೆಯ ಮೇಲೆ ಬೆಂದದ್ದನ್ನು ವರ್ಷಗಟ್ಟಲೆ ತಿಂದವರು.

ಪಂಕ್ತಿಯಲ್ಲಿ ಕೂತ ಮೇಲೆ ಎಲ್ಲರ ಊಟ ಮುಗಿಯುವವರೆಗೆ ಏಳಬಾರದು. ಚಿಕ್ಕಂದಿನಿಂದ ಪಾಲಿಸಿಕೊಂಡು ಬಂದ ನಿಯಮ ಅದು. ನಾನು ಎಲೆ ಮಡಚಿ ಎದ್ದು, ಕೈ ತೊಳೆದುಕೊಂಡು ಹೊರಟುಬಂದೆ.